ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ‘ಓಎಸ್ ಬದಲಾಯಿಸಿ ಸಾರ್’ ಎನ್ನುವವರಿಗೆ

“ಓಎಸ್ ಹಳೇದಾಯ್ತು ಸಾರ್. ಹೊಸದು ಹಾಕಿಸ್ಬಿಡಿ, ಎಲ್ಲಾ ಸರಿಹೋಗತ್ತೆ.”

ಈ ವಾಕ್ಯವನ್ನು ಕೇಳದ ಕಂಪ್ಯೂಟರ್ ಮಾಲೀಕ ಕರ್ನಾಟಕದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಮೈಲ್ ಹಾಕಿ, ಬಂದು ಕೈಮುಗಿದು ಹೋಗುತ್ತೇನೆ. ಕಂಪ್ಯೂಟರ್ ನಿಧಾನವಾಯಿತೇ? ಓಎಸ್ ಬದಲಾಯಿಸಿ. ನಡುವೆ ತಾನಾಗೇ ಆಫ್ ಆಗುತ್ತದೆಯೇ? ಓಎಸ್ ಬದಲಾಯಿಸಿ. ಬ್ರೌಸರ್ ತೆರೆದರೆ ಎಚ್ಚರಿಕೆ ಬರುತ್ತದೆಯೇ? ಓಎಸ್. ಕನ್ನಡ ಕಾಣುವುದಿಲ್ಲವೇ? ಅದಕ್ಕೂ ಓಎಸ್! ಒಂದು ಕಾಲದಲ್ಲಿ ಇದೇ ಮದ್ದಿಗೆ “ಫಾರ್ಮ್ಯಾಟ್ ಹೊಡೆಸಿ” ಎಂಬ ಹೆಸರಿತ್ತು. ಈಗ ಅದಕ್ಕೆ “ಅಪ್‌ಗ್ರೇಡ್” ಎಂಬ ಗೌರವದ ಹೆಸರು ಬಂದಿದೆ, ಅಷ್ಟೇ.

(ಕಾರ್ಯಾಚರಣ ವ್ಯವಸ್ಥೆ ಎಂದು ಅಚ್ಚಕನ್ನಡದಲ್ಲಿ ಬರೆಯಬಹುದು. ಆದರೆ ಅಂಗಡಿಯಲ್ಲಿ ನಿಂತು ಯಾರೂ ಹಾಗೆ ಹೇಳುವುದಿಲ್ಲವಾದ್ದರಿಂದ ಇಲ್ಲಿ ಓಎಸ್ ಎಂದೇ ಬರೆಯುತ್ತೇನೆ. ಪರಿಶುದ್ಧವಾದಿಗಳು ಮನ್ನಿಸಬೇಕು.)

ನನ್ನ ತಕರಾರು ಹೊಸ ಓಎಸ್ ಮೇಲಲ್ಲ. ರೋಗ ಯಾವುದು ಎಂದು ನೋಡುವ ಮೊದಲೇ ಮದ್ದು ಬರೆದುಕೊಡುವ ಅಭ್ಯಾಸದ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ಇದು. ಗಾದೆಯ ಎಮ್ಮೆಗೆ ಆಗುವ ನಷ್ಟ ಬರೀ ಚರ್ಮದ್ದು. ಇಲ್ಲಿ ಹೋಗುವುದು ನಮ್ಮ ಬರಹ, ನಮ್ಮ ಫೋಟೋ, ನಮ್ಮ ವರ್ಷಗಳು.

ನಿಧಾನ ಎಂಬ ದೂರು

ಅತಿ ಹೆಚ್ಚು ಕೇಳಿಬರುವ ದೂರು ಇದೇ, ಇಲ್ಲಿಂದಲೇ ಶುರು ಮಾಡೋಣ. ಹತ್ತು ವರ್ಷ ಹಳೆಯ ಕಂಪ್ಯೂಟರ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ಬಂದಿರುವುದಿಲ್ಲ. ಯಾಕೆ?

ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಒಂದು ಸಣ್ಣ ಲೆಕ್ಕ ಮಾಡಿ. ಡೆಸ್ಕ್‌ಟಾಪ್‌ಗಳ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಆ ತಲೆ ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿ ಹತ್ತು ಮಿಲಿಸೆಕೆಂಡ್ ದಾಟುತ್ತದೆ. ಹಾಗಾಗಿ ಅಲ್ಲಲ್ಲಿ ಚದುರಿರುವ ಸಣ್ಣ ಸಣ್ಣ ಫೈಲುಗಳನ್ನು ಓದಬೇಕಾದಾಗ ಈ ಡಿಸ್ಕಿಗೆ ಸೆಕೆಂಡಿಗೆ ನೂರರ ಆಸುಪಾಸು ಓದುಗಳಷ್ಟೇ ಸಾಧ್ಯ. ಲ್ಯಾಪ್‌ಟಾಪಿನ 5400 ಸುತ್ತಿನ ಡಿಸ್ಕ್ ಇನ್ನೂ ನಿಧಾನ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ.

ಕಂಪ್ಯೂಟರ್ ಶುರುವಾಗುವುದು ಎಂದರೆ ಇಂಥ ಸಾವಿರಾರು ಸಣ್ಣ ಫೈಲುಗಳನ್ನು ಓದುವುದೇ. ಈಗ ಹೇಳಿ, ನೀವು ವಿಂಡೋಸ್ 10 ತೆಗೆದು 11 ಹಾಕಿದರೆ ಆ ಡಿಸ್ಕ್ ನಿಮಿಷಕ್ಕೆ 7201ನೇ ಸುತ್ತು ತಿರುಗುತ್ತದೆಯೇ?

ಮೆಮೊರಿಯದ್ದೂ ಇದೇ ಕಥೆ. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕನಿಷ್ಠ 64 ಎಂಬಿ ಕೇಳುತ್ತಿತ್ತು. ವಿಸ್ಟಾ 512 ಎಂಬಿ ಕೇಳಿತು. ವಿಂಡೋಸ್ 7 ಒಂದು ಜಿಬಿ ಕೇಳಿತು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ. ಇಪ್ಪತ್ತು ವರ್ಷದಲ್ಲಿ 64 ಪಟ್ಟು! ಇದು “ಕನಿಷ್ಠ” ಎಂಬುದನ್ನೂ ಮರೆಯಬೇಡಿ. ಅಷ್ಟೇ ಇದ್ದರೆ ಕಂಪ್ಯೂಟರ್ ಓಡುತ್ತದೆ, ನೀವು ನಾಲ್ಕು ಟ್ಯಾಬ್ ತೆರೆದರೆ ನಿಂತು ಏದುಸಿರು ಬಿಡುತ್ತದೆ. ಮೆಮೊರಿ ಸಾಲದಾದಾಗ ಓಎಸ್ ಏನು ಮಾಡುತ್ತದೆ? ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಬರೆದಿಡುತ್ತದೆ, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಯಾವ ಡಿಸ್ಕಿಗೆ? ಆಗಲೇ ಹೇಳಿದ ಆ ಸೆಕೆಂಡಿಗೆ ನೂರು ಓದಿನ ಡಿಸ್ಕಿಗೆ.

ಅಂದರೆ ಹಸಿವಾದವನ ಮನೆಗೆ ಇನ್ನೂ ಹೆಚ್ಚು ಉಣ್ಣುವ ನೆಂಟನನ್ನು ಕಳಿಸಿ “ಇವರು ಬಂದರೆಂದರೆ ಎಲ್ಲಾ ಸರಿಹೋಗತ್ತೆ” ಎನ್ನುವುದು.

ಪತ್ತೆ ಮಾಡುವುದು ಕಷ್ಟವೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಡಿಸ್ಕ್ ಎಂಬ ಕಂಬ ಸುಮ್ಮನಿರುವಾಗಲೂ ನೂರಕ್ಕೆ ಅಂಟಿಕೊಂಡು ಕೂತಿದೆಯೇ? ಮೆಮೊರಿ ಎಂಬ ಕಂಬ ತೊಂಬತ್ತು ದಾಟಿದೆಯೇ? ಉತ್ತರ ಕಣ್ಣೆದುರೇ ಇದೆ. ಒಂದು ಎಸ್‌ಎಸ್‌ಡಿ, ಇನ್ನೊಂದು ಮೆಮೊರಿ ಪಟ್ಟಿ. ಓಎಸ್ ಇದ್ದದ್ದೇ ಇರಲಿ, ಯಂತ್ರ ಹೊಸದಾಗುತ್ತದೆ.

“ಆದರೆ ನನಗೆ ಓಎಸ್ ಹಾಕಿಸಿದ ಮೇಲೆ ಸ್ಪೀಡ್ ಆಯ್ತಲ್ಲ!”

ಈ ಮಾತು ಬಂದೇ ಬರುತ್ತದೆ ಎಂದು ಗೊತ್ತು, ಅದಕ್ಕೇ ಮೊದಲೇ ಉತ್ತರಿಸುತ್ತೇನೆ. ಆಗಿರಬಹುದು, ಸುಳ್ಳಲ್ಲ. ಆದರೆ ಅಲ್ಲಿ ನಡೆದದ್ದೇನು ನೋಡಿ. ಅಂಗಡಿಯವರು ಸಾಮಾನ್ಯವಾಗಿ ಹಳೆಯದರ ಮೇಲೆ ಹೊಸದನ್ನು ಹಾಕುವುದಿಲ್ಲ, ಪೂರ್ತಿ ಅಳಿಸಿ ಹಾಕುತ್ತಾರೆ. ಆನ್ ಆದೊಡನೆ ತಾವೂ ಏಳುತ್ತಿದ್ದ ಹದಿನೈದು ಪ್ರೋಗ್ರಾಂಗಳು, ಎರಡೆರಡು ಆಂಟಿವೈರಸ್‌ಗಳು, ಬ್ರೌಸರಿಗೆ ಯಾವಾಗಲೋ ಅಂಟಿಕೊಂಡ ಟೂಲ್‌ಬಾರ್‌ಗಳು, ತುಂಬಿ ತುಳುಕುತ್ತಿದ್ದ ಸಿ ಡ್ರೈವ್, ಎಲ್ಲವೂ ಹೋಯಿತು. ಕಸ ಗುಡಿಸಿದ್ದಕ್ಕೆ ಮನೆ ಚೊಕ್ಕಟವಾಯಿತು. ಕೀರ್ತಿ ಮಾತ್ರ ಗೋಡೆಗೆ ಹೊಡೆದ ಹೊಸ ಬಣ್ಣಕ್ಕೆ ಹೋಯಿತು. ಇದ್ದ ಓಎಸ್ಸನ್ನೇ ಹೊಸದಾಗಿ ಹಾಕಿದ್ದರೂ, ಅಥವಾ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ನಿಲ್ಲಿಸಿದ್ದರೂ ಅಷ್ಟೇ ಲಾಭ ಸಿಗುತ್ತಿತ್ತು.

ಇದು ಪ್ರಯೋಗದ ಪ್ರಾಥಮಿಕ ನಿಯಮ ಮಾರಾಯ್ರೆ. ಎರಡು ವಿಷಯಗಳನ್ನು ಒಟ್ಟಿಗೆ ಬದಲಾಯಿಸಿದರೆ ಫಲ ಯಾವುದರದ್ದು ಎಂದು ಹೇಳಲಾಗದು. ಆರು ತಿಂಗಳಾದ ಮೇಲೆ ಕಸ ಮತ್ತೆ ಸೇರಿದಾಗ “ಈ ಓಎಸ್ಸೂ ಹಳೇದಾಯ್ತು” ಎನ್ನುತ್ತೀರಿ. ಅಂಗಡಿಯವರಿಗೆ ಅದರಲ್ಲಿ ಬೇಸರವೇನಿಲ್ಲ.

ಮೇಷ್ಟ್ರ ಗಾದೆಗಳು

ನಾನು ಇಷ್ಟು ಕಟುವಾಗಿ ಬರೆಯಲು ಒಂದು ಕಾರಣವಿದೆ.

ನಮ್ಮ ಬಡಾವಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ನಿವೃತ್ತರಾದ ಮೇಲೆ ಎಂಟು ವರ್ಷ ತಮ್ಮ ಸೀಮೆಯ ಹಳ್ಳಿಗಳನ್ನು ಸುತ್ತಿ ಗಾದೆ, ಒಗಟು, ಬೈಗುಳ, ಬೇಸಾಯದ ಮಾತುಗಳನ್ನು ಸಂಗ್ರಹಿಸಿದವರು. ಎಲ್ಲವನ್ನೂ ತಾವೇ ಒಂದೊಂದಾಗಿ ಕಂಪ್ಯೂಟರಿಗೆ ಕುಟ್ಟಿದವರು. ಕಂಪ್ಯೂಟರ್ ಕ್ರಮೇಣ ನಿಧಾನವಾಯಿತು. ಫೈಲ್ ತೆರೆಯಲು ನಿಮಿಷಗಟ್ಟಲೆ. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬೇರೆ. ಅಂಗಡಿಗೆ ಒಯ್ದರು. ಅಲ್ಲಿನ ಹುಡುಗ ಆನ್ ಮಾಡಿ ಎರಡು ನಿಮಿಷ ನೋಡಿ ಅದೇ ವಾಕ್ಯ ಹೇಳಿದ. ಆಮೇಲೆ ಕೇಳಬೇಕಾದ್ದನ್ನು ಕೇಳಿಯೂ ಕೇಳಿದ: “ಬೇಕಾದ್ದು ಏನಾದ್ರೂ ಇದ್ಯಾ ಸಾರ್ ಇದ್ರಲ್ಲಿ?”

ಮೇಷ್ಟ್ರು ಹೇಳಿದರು, “ಎಲ್ಲಾ ನುಡಿಯಲ್ಲಿದೆಯಪ್ಪಾ.”

“ನುಡಿ ತಾನೇ ಸಾರ್? ಹಾಕ್ಕೊಡ್ತೀನಿ.”

ಹಾಕಿಕೊಟ್ಟ. ಸುಳ್ಳು ಹೇಳಲಿಲ್ಲ ಅವನು. ಸಿ ಮತ್ತು ಡಿ ಡ್ರೈವ್ ಎರಡನ್ನೂ ಅಳಿಸಿ ಒಂದು ಮಾಡಿ, ಹೊಸ ವಿಂಡೋಸ್ ಹಾಕಿ, ಅದರ ಮೇಲೆ ನುಡಿ ತಂತ್ರಾಂಶವನ್ನು ಅಚ್ಚುಕಟ್ಟಾಗಿ ಹಾಕಿಕೊಟ್ಟ. ನುಡಿಯಲ್ಲಿ ಬರೆದದ್ದು ಒಂದಕ್ಷರವೂ ಉಳಿಯಲಿಲ್ಲ. ಮೂರು ವಾರಕ್ಕೆ ಆ ಡಿಸ್ಕ್ ಪೂರ್ತಿ ನಿಂತಿತು. ರೋಗ ಮೊದಲಿನಿಂದಲೂ ಇದ್ದದ್ದು ಅಲ್ಲೇ. ನಾನು ಹೋಗಿ ನೋಡುವ ಹೊತ್ತಿಗೆ ಆ ಟಿಕ್ ಟಿಕ್ ಒಂದೇ ಉಳಿದಿತ್ತು. ಬೆಂಗಳೂರಿನ ರಿಕವರಿಯವರು ಹೇಳಿದ ಮೊತ್ತ ಮೇಷ್ಟ್ರ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು, ಅದೂ ಸಿಗುವ ಭರವಸೆಯಿಲ್ಲದೆ. ಯಾವಾಗಲೋ ಪ್ರಿಂಟ್ ತೆಗೆಸಿದ್ದ ನೂರು ಚಿಲ್ಲರೆ ಪುಟ ಮಾತ್ರ ಉಳಿಯಿತು.

“ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ, ಮತ್ತೆ ಯಾರನ್ನ ಕೇಳೋದು” ಎಂದರು ಮೇಷ್ಟ್ರು. ನನ್ನ ಬಳಿ ಉತ್ತರವಿರಲಿಲ್ಲ.

ಇಲ್ಲಿ ಒಂದು ತಾಂತ್ರಿಕ ಮಾತು ಹೇಳಲೇಬೇಕು. ಡಿಸ್ಕ್ ಸಾಯುತ್ತಿರುವಾಗ ಓಎಸ್ ಹಾಕುವುದು ಪ್ರಯೋಜನವಿಲ್ಲದ ಕೆಲಸ ಮಾತ್ರವಲ್ಲ, ಅಪಾಯದ ಕೆಲಸ. ಹೊಸ ಓಎಸ್ ಎಂದರೆ ಹತ್ತಾರು ಜಿಬಿ ಬರಹ. ನಿಮ್ಮ ಫೈಲುಗಳಿದ್ದ ಜಾಗದ ಮೇಲೇ ಅದು ಬರೆಯಬಹುದು, ಬರೆದರೆ ಯಾವ ರಿಕವರಿಯವರೂ ತೆಗೆಯಲಾರರು. ಜೊತೆಗೆ ಉಸಿರಾಡಲು ಕಷ್ಟಪಡುತ್ತಿರುವ ಡಿಸ್ಕಿಗೆ ಆ ಕೆಲಸವೇ ಕೊನೆಯ ಪೆಟ್ಟಾಗಬಹುದು. ಅಂಥ ಡಿಸ್ಕಿನಿಂದ ಮೊದಲು ಮಾಡಬೇಕಾದ್ದು ಒಂದೇ: ಇರುವುದನ್ನು ಬೇರೆಡೆಗೆ ನಕಲಿಸಿಕೊಳ್ಳುವುದು.

ಡಿಸ್ಕಿನ ಆರೋಗ್ಯ ತಿಳಿಯುವುದು ಮಂತ್ರವಿದ್ಯೆಯೇನಲ್ಲ. ಪ್ರತಿ ಡಿಸ್ಕೂ ‘ಸ್ಮಾರ್ಟ್’ ಎಂಬ ಹೆಸರಿನಲ್ಲಿ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ, ಕೆಟ್ಟು ಬದಲಿಸಿದ ಸೆಕ್ಟರ್ ಎಷ್ಟು, ಓದಲಾಗದೆ ಬಾಕಿ ನಿಂತ ಸೆಕ್ಟರ್ ಎಷ್ಟು ಎಂದು ತೋರಿಸುತ್ತದೆ. ನೀಲಿ ಇದ್ದರೆ ಸದ್ಯಕ್ಕೆ ಕ್ಷೇಮ, ಹಳದಿಗೆ ತಿರುಗಿದ್ದರೆ ಎಚ್ಚರ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಎಂಟು ವರ್ಷವನ್ನು ಉಳಿಸುತ್ತಿತ್ತು.

ಇನ್ನೂ ಕೆಲವು ಎತ್ತುಗಳು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ.

ಒಂದು. ಅರ್ಧ ಗಂಟೆ ಓಡಿದ ಮೇಲೆ ಕಂಪ್ಯೂಟರ್ ತಟಕ್ಕನೆ ಆಫ್ ಆಗುತ್ತದೆ, ತಣ್ಣಗಾದ ಮೇಲೆ ಮತ್ತೆ ಸರಿ. ಇದು ಬಹುತೇಕ ಬಿಸಿಯ ಸಮಸ್ಯೆ. ಫ್ಯಾನಿನಲ್ಲಿ ಧೂಳು ಕಂಬಳಿ ಹೊದ್ದಿರುತ್ತದೆ, ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ. ಸುಟ್ಟುಹೋಗದಿರಲಿ ಎಂದು ಯಂತ್ರ ತಾನೇ ನಿಲ್ಲುತ್ತದೆ. ಬೇಕಾದ್ದು ಬ್ರಷ್ಷು.

ಎರಡು. ನೀಲಿ ಪರದೆ ಬರುತ್ತದೆ, ಪ್ರತಿಸಲವೂ ಬೇರೆ ಬೇರೆ ಕಾರಣ ತೋರಿಸುತ್ತದೆ. ಮೆಮೊರಿ ಪಟ್ಟಿ ಕೆಟ್ಟಿರುವ ಸಾಧ್ಯತೆ ಇದೆ. ವಿಂಡೋಸಿನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆ ಇದೆ, ಕಾಸು ಬೇಡ. ಕೆಟ್ಟ ಮೆಮೊರಿಯ ಮೇಲೆ ಹೊಸ ಓಎಸ್ ಹಾಕಿದರೆ ಹಾಕುವಾಗಲೇ ಫೈಲುಗಳು ಕೆಡುತ್ತವೆ.

ಮೂರು. ಇದು ನನಗೆ ತುಂಬ ಪ್ರಿಯವಾದದ್ದು. ಯಾವ ತಾಣ ತೆರೆದರೂ “ಸುರಕ್ಷಿತವಲ್ಲ” ಎಂಬ ಎಚ್ಚರಿಕೆ. ಮೈಲ್ ತೆರೆಯುವುದಿಲ್ಲ, ಬ್ಯಾಂಕ್ ತೆರೆಯುವುದಿಲ್ಲ. “ವೈರಸ್ ಬಂದಿದೆ, ಓಎಸ್ ಹಾಕ್ಬೇಕು.” ಸ್ವಲ್ಪ ತಡೆಯಿರಿ, ಕೆಳಗೆ ಮೂಲೆಯಲ್ಲಿ ತಾರೀಕು ನೋಡಿ. ಯಾವುದೋ ಹಳೆಯ ವರ್ಷ ತೋರಿಸುತ್ತಿದೆಯೇ? ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್, ಸಿಆರ್2032, ಮುಗಿದಿದೆ. ಕರೆಂಟ್ ತೆಗೆದಾಗಲೂ ಗಡಿಯಾರ ಓಡಿಸುವುದು ಅದರ ಕೆಲಸ. ತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಹಿಂದಿನ ಯಾವುದೋ ವರ್ಷದಲ್ಲಿ ಬದುಕುತ್ತಿದ್ದರೆ ಅದಕ್ಕೆ ಇಂದಿನ ಪ್ರಮಾಣಪತ್ರ ಸುಳ್ಳಾಗಿ ಕಾಣುತ್ತದೆ. ಗಡಿಯಾರದಂಗಡಿಯಲ್ಲಿ ಸಿಗುವ ಸೆಲ್ ಹಾಕಿ, ತಾರೀಕು ಸರಿಮಾಡಿ, ಮುಗಿಯಿತು. :-)

ಇವುಗಳಲ್ಲಿ ಯಾವುದು ಎಂದು ಗೊತ್ತಾಗದಿದ್ದರೆ ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಪೆನ್‌ಡ್ರೈವಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ, ಇನ್‌ಸ್ಟಾಲ್ ಮಾಡದೆ, ಅದರಿಂದಲೇ ಕಂಪ್ಯೂಟರ್ ಶುರುಮಾಡಿ ಒಂದು ಗಂಟೆ ಕೆಲಸ ಮಾಡಿ. ನಿಮ್ಮ ವಿಂಡೋಸ್ ಮುಟ್ಟಲೇ ಇಲ್ಲ, ಡಿಸ್ಕಿಗೆ ಏನೂ ಬರೆಯಲಿಲ್ಲ. ಅಲ್ಲೂ ಆಫ್ ಆದರೆ, ಅಲ್ಲೂ ತೂಕಡಿಸಿ ನಿಂತರೆ, ತಪ್ಪು ಯಂತ್ರದ್ದು. ಅಲ್ಲಿ ಸರಾಗವಾಗಿ ಓಡಿದರೆ ಎರಡೇ ಸಾಧ್ಯತೆ: ಒಂದೋ ನಿಮ್ಮ ವಿಂಡೋಸ್, ಇಲ್ಲವೋ ಅದು ಕೂತಿರುವ ಡಿಸ್ಕ್. ಡಿಸ್ಕಿನ ಆರೋಗ್ಯ ನೋಡುವುದು ಆಗಲೇ ಹೇಳಿದೆನಲ್ಲ. ಡಿಸ್ಕೂ ಸರಿಯಿದ್ದರೆ ಆಗ, ಆಗ ಮಾತ್ರ, ಓಎಸ್ ಕಡೆ ಬೆರಳು ತೋರಿಸಿ.

ಹಾಗಾದರೆ ಯಾವಾಗಲೂ ಹಳೆಯದೇ ಇರಲೇ?

ಅಲ್ಲ. ಈಗ ಇನ್ನೊಂದು ಪಂಗಡದವರ ಸರದಿ. “ಎಕ್ಸ್‌ಪಿಯಷ್ಟು ಒಳ್ಳೇದು ಮತ್ತೆ ಬರಲಿಲ್ಲ”, “ಅಪ್‌ಡೇಟ್ ಮಾಡಿದ್ರೆ ಹಾಳಾಗತ್ತೆ, ನಾನು ಆಫ್ ಮಾಡಿಟ್ಟಿದೀನಿ” ಎನ್ನುವವರು. ಇವರೂ ಅವರ ದಾಯಾದಿಗಳೇ. ಅವರು ನೋಡದೆ ಮದ್ದು ಕೊಡುತ್ತಾರೆ, ಇವರು ನೋಡದೆ ಮದ್ದು ಬೇಡ ಎನ್ನುತ್ತಾರೆ.

ಓಎಸ್ ಬದಲಾವಣೆ ನಿಜವಾಗಿ ಸಮಸ್ಯೆ ಬಗೆಹರಿಸಿದ್ದಕ್ಕೆ ನಾವು ಕನ್ನಡ ಬ್ಲಾಗಿಗರಿಗಿಂತ ದೊಡ್ಡ ಸಾಕ್ಷಿ ಬೇಕೇ? ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್ 98 ಹೊರಬಂದಾಗ ಅದರಲ್ಲಿ ಕನ್ನಡ ಯೂನಿಕೋಡನ್ನು ಮೂಡಿಸುವ ವ್ಯವಸ್ಥೆಯೇ ಇರಲಿಲ್ಲ. ವಿಂಡೋಸ್ 2000 ದೇವನಾಗರಿಗೂ ತಮಿಳಿಗೂ ಬಾಗಿಲು ತೆರೆಯಿತು, ನಮ್ಮನ್ನು ಹೊರಗೇ ನಿಲ್ಲಿಸಿತು. ತುಂಗಾ ಫಾಂಟಿನೊಂದಿಗೆ ಕನ್ನಡ ಒಳಗೆ ಬಂದದ್ದು ಎಕ್ಸ್‌ಪಿಯಲ್ಲಿ. 98 ಇಟ್ಟುಕೊಂಡು ಚೌಕಗಳನ್ನು ನೋಡುತ್ತಿದ್ದವರಿಗೆ “ಓಎಸ್ ಬದಲಾಯಿಸಿ” ಎನ್ನುವುದು ಸರಿಯಾದ ಉತ್ತರವೇ ಆಗಿತ್ತು.

ಆದರೆ ಅದೇ ದೂರು ಎಕ್ಸ್‌ಪಿಯಲ್ಲೂ ಬರುತ್ತಿತ್ತಲ್ಲ, ನೆನಪಿದೆಯೇ? ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿರುತ್ತಿದ್ದವು. ಅಲ್ಲಿ ಬೇಕಾಗಿದ್ದದ್ದು ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲ ಎಂಬ ಚೌಕದಲ್ಲಿ ಒಂದು ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕುವುದು. ಅಷ್ಟಕ್ಕೆ ಎರಡು ಸಲ ಫಾರ್ಮ್ಯಾಟ್ ಹೊಡೆಸಿಕೊಂಡವರನ್ನು ನಾನು ಬಲ್ಲೆ. ಒಂದೇ ದೂರು, ಒಂದು ಕಡೆ ಮದ್ದು ಹೊಸ ಓಎಸ್, ಇನ್ನೊಂದು ಕಡೆ ಒಂದು ಟಿಕ್. ನೋಡದೆ ಹೇಗೆ ಹೇಳುತ್ತೀರಿ ಎಂದು ನಾನು ಕೇಳುವುದು ಇದಕ್ಕೇ.

ಭದ್ರತೆ ಎರಡನೇ ನಿಜವಾದ ಕಾರಣ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ಅದಾದ ಮೇಲೆ ಸಿಕ್ಕ ತೂತುಗಳನ್ನು ಯಾರೂ ಮುಚ್ಚಿಕೊಡುವುದಿಲ್ಲ. ಕ್ರಮೇಣ ಉಳಿದವರೂ ಕೈಬಿಡುತ್ತಾರೆ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯದು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವುದು ಬಾಗಿಲಿಲ್ಲದ ಮನೆಯಲ್ಲಿ ತಿಜೋರಿ ಇಟ್ಟಂತೆ.

ಹಾಗೆಂದು ಹೆಸರಿನ ಮುಂದಿನ ಅಂಕಿ ದೊಡ್ಡದಾದರೆ ಭದ್ರತೆ ಬಂತು ಎಂದೂ ಅಲ್ಲ. 2017ರ ಮೇ 12ರಂದು ವಾನಾಕ್ರೈ ಜಗತ್ತನ್ನೇ ಅಲ್ಲಾಡಿಸಿತಲ್ಲ, ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಸೋಂಕು ತಗುಲಿದ ಯಂತ್ರಗಳಲ್ಲಿ ಬಹುಪಾಲು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7ರವೇ. ಅವರಿಗೆ ಬೇಕಾಗಿದ್ದದ್ದು ಹೊಸ ಓಎಸ್ ಅಲ್ಲ, ಎರಡು ತಿಂಗಳಿಂದ ಬಾಗಿಲಲ್ಲಿ ನಿಂತಿದ್ದ ಒಂದು ಅಪ್‌ಡೇಟ್.

ಅಪ್‌ಗ್ರೇಡ್ ತರುವ ಹೊಸ ತಲೆನೋವುಗಳು

ಹೊಸದು ಹಳೆಯ ಸಮಸ್ಯೆಯನ್ನು ಬಿಡಿಸುತ್ತದೋ ಇಲ್ಲವೋ, ಹೊಸ ಸಮಸ್ಯೆ ತರುವುದನ್ನಂತೂ ಮರೆಯುವುದಿಲ್ಲ. 2007ರ ಜನವರಿ 30ಕ್ಕೆ ವಿಸ್ಟಾ ಅಂಗಡಿಗೆ ಬಂದಾಗ ಎಷ್ಟು ಪ್ರಿಂಟರ್, ಸ್ಕ್ಯಾನರ್‌ಗಳು ಡ್ರೈವರ್ ಇಲ್ಲದೆ ಮೂಲೆ ಸೇರಿದವು! “ವಿಸ್ಟಾಕ್ಕೆ ಸಮರ್ಥ” ಎಂದು ಸ್ಟಿಕ್ಕರ್ ಅಂಟಿಸಿಕೊಂಡು ಮಾರಾಟವಾದ ಕಂಪ್ಯೂಟರುಗಳಲ್ಲಿ ವಿಸ್ಟಾದ ಹೊಳಪು ಓಡಲೇ ಇಲ್ಲವೆಂದು ಗ್ರಾಹಕರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ಆ ಮೊಕದ್ದಮೆಯಲ್ಲಿ ಹೊರಬಿದ್ದ ಒಳಗಿನ ಮೈಲುಗಳನ್ನು ನೋಡಿದರೆ, ಮೈಕ್ರೋಸಾಫ್ಟಿನ ಅಧಿಕಾರಿಗಳೇ ತಮ್ಮ ದುಬಾರಿ ಲ್ಯಾಪ್‌ಟಾಪ್ ಮೈಲ್ ನೋಡುವುದಕ್ಕಷ್ಟೇ ಲಾಯಕ್ಕಾಯಿತು ಎಂದು ಗೊಣಗಿದ್ದು ಗೊತ್ತಾಯಿತು. ಮಾಡಿದವರ ಮನೆಯ ಕಥೆಯೇ ಹೀಗಾದರೆ ನಮ್ಮದು?

ನಮ್ಮೂರಿನ ಡಿಟಿಪಿ ಅಂಗಡಿಗಳಿಗೆ ಹೋಗಿ ನೋಡಿ. ಮದುವೆ ಕಾರ್ಡು, ಸಂಘದ ವರದಿ ಎಲ್ಲ ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರ ಮುಂದೆ ಅಡೋಬಿ ಅದನ್ನು ಬೆಳೆಸಲಿಲ್ಲ, ಅದಕ್ಕೆ ಕನ್ನಡ ಯೂನಿಕೋಡ್ ಗೊತ್ತೇ ಇಲ್ಲ. ಅವರಿಗೆ “ಓಎಸ್ ಬದಲಾಯಿಸಿ” ಎಂದರೆ ಇಪ್ಪತ್ತು ವರ್ಷದ ಕಡತ ತೆರೆಯುವ ಕೀಲಿಯನ್ನೇ ಎಸೆಯಿರಿ ಎಂದಂತೆ ಆಗಬಹುದು. ಓಎಸ್ ಹೊಸದಾದ ಮಾತ್ರಕ್ಕೆ ನುಡಿಯ ಹಳೆಯ ಫೈಲು ಯೂನಿಕೋಡ್ ಆಗುವುದಿಲ್ಲ. ಅದಕ್ಕೆ ಪರಿವರ್ತಕದ ಮೂಲಕ ಹಾಯಿಸಿ, ಕಾಗುಣಿತ ಕಾಗುಣಿತ ತಿದ್ದುವ ಬೇರೆ ಕೆಲಸವೇ ಇದೆ. ಆ ಹಳೆಯ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ ಅದರ ಪಾಡಿಗೆ ಬಿಟ್ಟು, ಪಕ್ಕದಲ್ಲಿ ಹೊಸದೊಂದು ಇಟ್ಟುಕೊಳ್ಳುವುದೇ ಜಾಣತನ. ಡಾಸ್ ಕಾಲದ ಫಾಕ್ಸ್‌ಪ್ರೋ ಲೆಕ್ಕದ ಪ್ರೋಗ್ರಾಂ ಇಟ್ಟುಕೊಂಡವರಿಗೂ ಇದೇ ಮಾತು. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಂ ಓಡದು, ವಿಂಡೋಸ್ 11ರಲ್ಲಿ 64 ಬಿಟ್ ಬಿಟ್ಟರೆ ಬೇರೆ ರೂಪವೇ ಇಲ್ಲ. ಇಷ್ಟೇಕೆ, ನಮ್ಮ ತುಂಗಾ ಫಾಂಟ್ ಕೂಡ ವಿಂಡೋಸ್ 10ರಿಂದ ಬೇಕಾದವರು ಹಾಕಿಕೊಳ್ಳುವ ಐಚ್ಛಿಕ ಸಾಮಾನಾಗಿದೆ, ತಾನಾಗಿ ಬರುವುದು ನಿರ್ಮಲಾ.

ವಿಂಡೋಸ್ 11 ಅಂತೂ ಎಲ್ಲರನ್ನೂ ಒಳಗೆ ಬಿಡುವುದಿಲ್ಲ. ಟಿಪಿಎಂ 2.0 ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ನಂತರದ ಪ್ರೊಸೆಸರ್ ಬೇಕು. ಅಂದರೆ 2017ಕ್ಕಿಂತ ಹಿಂದಿನ ಬಹುಪಾಲು ಗಟ್ಟಿಮುಟ್ಟು ಯಂತ್ರಗಳು ಹೊರಗೆ. ಇವನ್ನು ತಪ್ಪಿಸಿ ನುಸುಳಿಸುವ ಹಿಂಬಾಗಿಲುಗಳಿವೆ, ಅಂಗಡಿಯವರಿಗೆ ಗೊತ್ತೂ ಇದೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟಿಗಾಗಿ ಹೊಸ ಓಎಸ್, ಹೊಸ ಓಎಸ್‌ನಲ್ಲಿ ಅಪ್‌ಡೇಟ್ ಅನುಮಾನ. ಎಂಥ ಚೋದ್ಯ ನೋಡಿ!

ಇಂಥ ಯಂತ್ರದವರಿಗೆ ದಾರಿಗಳಿಲ್ಲವೇ? ಇವೆ. ವಿಂಡೋಸ್ 10 ಬಳಸುವ ಮನೆಮಂದಿಗೂ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಅದಕ್ಕೆ ನೋಂದಾಯಿಸಿಕೊಳ್ಳಬೇಕಿತ್ತು, ಎಷ್ಟು ಅಂಗಡಿಯವರು ಗ್ರಾಹಕರಿಗೆ ಇದನ್ನು ಹೇಳಿದರು? ಇನ್ನೊಂದು ದಾರಿ ಲಿನಕ್ಸ್. ಬರವಣಿಗೆ, ಬ್ರೌಸಿಂಗ್ ಇಷ್ಟೇ ಸಾಕು ಎನ್ನುವವರಿಗೆ ಧಾರಾಳ ಸಾಕು. ಲೋಹಿತ್, ಗುಬ್ಬಿ, ನವಿಲು ಫಾಂಟುಗಳಿವೆ, ಐಬಸ್ ಮೂಲಕ ಕನ್ನಡ ಬರೆಯಬಹುದು. ಆದರೆ ಲಿನಕ್ಸ್ ಭಕ್ತರೇ, ನೀವೂ ಬೀಗಬೇಡಿ. ಟಿಕ್ ಟಿಕ್ ಎನ್ನುವ ಡಿಸ್ಕ್ ಲಿನಕ್ಸಿನಲ್ಲೂ ಟಿಕ್ ಟಿಕ್ ಎಂದೇ ಸಾಯುತ್ತದೆ. :-)

ಅಂಗಡಿಯವರಿಗೊಂದು ಮಾತು, ನಮಗೊಂದು ಮಾತು

ಅಂಗಡಿಯ ಹುಡುಗರನ್ನು ನಾನು ಖಳನಾಯಕರನ್ನಾಗಿ ಮಾಡುತ್ತಿಲ್ಲ. ಅವರಿಗೆ ಸಿಗುವುದು ಓಎಸ್ ಹಾಕಿದ ಕೂಲಿ. “ಏನೂ ಕೆಟ್ಟಿಲ್ಲ, ಸೆಲ್ ಹಾಕಿ” ಎಂದು ಹೇಳಿದರೆ ಹತ್ತಿಪ್ಪತ್ತು ನಿಮಿಷದ ತಲೆಕೆಲಸಕ್ಕೆ ನಾವು ಎಷ್ಟು ಕೊಡುತ್ತೇವೆ? ಏನೂ ಕೊಡುವುದಿಲ್ಲ. ನೋಡಿ ಹೇಳುವುದಕ್ಕೆ ದುಡ್ಡು ಕೊಡದೆ ಮಾಡುವುದಕ್ಕೆ ಮಾತ್ರ ಕೊಡುವವರು ನಾವು. ಹಾಗಾಗಿ ಅವರು ನೋಡದೆ ಮಾಡುತ್ತಾರೆ.

ಆದರೆ ಒಂದನ್ನು ಕ್ಷಮಿಸಲಾರೆ. ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿ, ಅದನ್ನು ಒಪ್ಪಿಸಲು ಎಲ್ಲಿಂದಲೋ ತಂದ ‘ಆಕ್ಟಿವೇಟರ್’ ಓಡಿಸಿ, ಅದಕ್ಕಾಗಿ ಆಂಟಿವೈರಸ್ಸನ್ನೇ ಆಫ್ ಮಾಡಿ ಕೊಡುವುದು. ಭದ್ರತೆಗಾಗಿ ಅಪ್‌ಗ್ರೇಡ್ ಎಂದು ದುಡ್ಡು ಪಡೆದು ಕಳ್ಳನಿಗೆ ಕೀಲಿ ಕೊಟ್ಟು ಬರುವ ಕೆಲಸವಿದು. ಇನ್ನೊಂದು ಹೊಸ ಅಪಾಯ: ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಬಹಳಷ್ಟು ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗೇ ಬೀಗ ಬೀಳುತ್ತದೆ. ಅದರ ರಿಕವರಿ ಕೀಲಿ ಹೋಗಿ ಕೂರುವುದು ಆ ಖಾತೆಯಲ್ಲಿ. ಅಂಗಡಿಯವರು ಬೇಗ ಮುಗಿಯಲಿ ಎಂದು ತಮ್ಮದೇ ಖಾತೆ ಹಾಕಿದರೆ ನಿಮ್ಮ ಮನೆಯ ಕೀಲಿ ಅವರ ಜೇಬಿನಲ್ಲಿ. ನಿಮ್ಮ ಖಾತೆಯೇ ಹಾಕಿಸಿ, ಕೀಲಿಯನ್ನು ಕಾಗದದಲ್ಲಿ ಬರೆದಿಡಿ.

ಕೊನೆಗೆ ಕ್ರಮ ಇಷ್ಟು. ಮೊದಲು ನಿಮ್ಮ ಬರಹ, ಫೋಟೋಗಳ ನಕಲು ಬೇರೊಂದು ಡಿಸ್ಕಿಗೆ. ನಕಲಾದ ಮೇಲೆ ನಾಲ್ಕು ಫೈಲು ತೆರೆದು ನೋಡಿ. ಆಮೇಲೆ ಟಾಸ್ಕ್ ಮ್ಯಾನೇಜರ್, ಡಿಸ್ಕಿನ ಆರೋಗ್ಯ, ತಾರೀಕು, ಧೂಳು. ಆಮೇಲೆ ಪೆನ್‌ಡ್ರೈವ್ ಪರೀಕ್ಷೆ. ಇಷ್ಟಾದ ಮೇಲೂ ಓಎಸ್ಸೇ ಕಾರಣ ಎಂದಾದರೆ, ಅಥವಾ ಅದರ ಬೆಂಬಲ ಮುಗಿದಿದ್ದರೆ, ನಿಮ್ಮ ಪ್ರಿಂಟರ್, ಫಾಂಟು, ಹಳೆಯ ಪ್ರೋಗ್ರಾಂ ಎಲ್ಲ ಹೊಸದರಲ್ಲಿ ಓಡುತ್ತವೆಯೇ ಎಂದು ನೋಡಿಕೊಂಡು ಧೈರ್ಯವಾಗಿ ಬದಲಾಯಿಸಿ. ಹಳೆಯದರ ಮೇಲೇ ಅಪ್‌ಗ್ರೇಡ್ ಮಾಡಿದರೆ ವಿಂಡೋಸಿನಲ್ಲಿ ಹಿಂದಿರುಗಲು ಸಾಮಾನ್ಯವಾಗಿ ಹತ್ತು ದಿನ ಅವಕಾಶವಿರುತ್ತದೆ. ಆ ಹತ್ತು ದಿನದೊಳಗೆ ಎಲ್ಲವನ್ನೂ ಒಮ್ಮೆ ಓಡಿಸಿ ನೋಡಿ.

ಬ್ಲಾಗಿಗ ಗೆಳೆಯರೆ, ನಮ್ಮ ಮನೆ ಮನೆಗಳಲ್ಲಿ, ನೆಂಟರಿಷ್ಟರಲ್ಲಿ “ಕಂಪ್ಯೂಟರ್ ಗೊತ್ತಿರೋನು” ಎಂಬ ಪಟ್ಟ ನಮಗೇ ಸಿಕ್ಕಿರುವುದು. ಫೋನಿನಲ್ಲಿ ಅತ್ತೆಯೋ ಮಾವನೋ ದೂರು ಹೇಳಿದಾಗ “ಓಎಸ್ ಹಾಕ್ಸಿಬಿಡಿ” ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದರ ಬದಲು ಎರಡು ಪ್ರಶ್ನೆ ಕೇಳಿ: “ಯಾವಾಗಿಂದ ಹೀಗಾಗ್ತಿದೆ?”, “ಅದ್ರಲ್ಲಿ ನೀವು ಬರೆದಿಟ್ಟಿದ್ದು ಏನೇನಿದೆ?” ಎರಡನೇ ಪ್ರಶ್ನೆಗೆ “ಎಲ್ಲಾ ನುಡಿಯಲ್ಲಿದೆ” ಎಂಬ ಉತ್ತರ ಬಂದರೆ, ದಯವಿಟ್ಟು ಪೆನ್‌ಡ್ರೈವ್ ಹಿಡಿದು ಅವತ್ತೇ ಹೊರಡಿ.

ಒಪ್ಪದವರು ಜಗಳಕ್ಕೆ ಬನ್ನಿ, ಕಾಫಿ ಇಟ್ಟಿರುತ್ತೇನೆ.